ನಿಂಬೆಹಣ್ಣು ಸಿಕ್ಕಿಸಿದ ಚಾಕು

ನನ್ನ ಚಾಕು ಗೇಣುದ್ದಕ್ಕೆ ಎರಡು ಬೆರಳು ಕಡಿಮೆ ಇತ್ತು. ಸವೆದು ಮೂಲೆ ಸೇರಿದ್ದ, ಕಬ್ಬಿಣ ಉಜ್ಜುವ ಒಂದು ಅರವನ್ನು ಕಾಸಿ ಬಡಿದು ಮಾಡಿದ್ದು. ಶಹಾಬಾದಿನಲ್ಲಿ ನಮ್ಮ ಓಣಿಯ ತುದಿಗೆ ಒಬ್ಬರು ಕಮ್ಮಾರರಿದ್ದರು, ಕಲ್ಲಿನ ಖಣಿಯವರ ಉಳಿಗಳಿಗೆ ಮೊನೆ ಮಾಡಿಕೊಡುವುದು ಅವರ ದಿನದ ಕೆಲಸ. ನನ್ನ ಚಾಕು ಮಾಡಿದವರೂ ಅವರೇ. ಅದರಿಂದ ಬದನೆಕಾಯಿ ಹೆಚ್ಚಲಿಕ್ಕೂ ಆಗುತ್ತಿರಲಿಲ್ಲ, ಯಾಕೆಂದರೆ ಅಂಚಿಗೆ ಹರಿತವೇ ಇರಲಿಲ್ಲ. ಇದ್ದ ಹರಿತವೆಲ್ಲ ತುದಿಯಲ್ಲಿ. ಒಗೆಯುವ ಚಾಕು ಹಾಗೆಯೇ ಇರಬೇಕಂತೆ. ಶಾಲೆಯಲ್ಲಿ ಅ ಆ ಇ ಈ ಹೇಳಿಕೊಡುವವಳಿಗೆ ಒಗೆಯುವ ಚಾಕು ಯಾತಕ್ಕೆ ಬೇಕಾಗಿತ್ತು ಎಂದು ನನ್ನ ಮಗಳು ಈಗಲೂ ಕೇಳುತ್ತಾಳೆ. ಪ್ರತಿ ಸಲವೂ ಅರ್ಧ ಹೇಳುವಷ್ಟರಲ್ಲಿ ಹಾಲು ಉಕ್ಕುತ್ತದೆ, ಇಲ್ಲವೇ ಯಾರೋ ಬಾಗಿಲಿಗೆ ಬರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಪೊಲೀಸ್ ಆ್ಯಕ್ಷನ್ ಆಗಿ ಮೂರನೆಯ ವರ್ಷ. ನನ್ನ ಯಜಮಾನರು ವಾಡಿ ಸ್ಟೇಷನ್ನಿನ ಮಾಲು ಗೋದಾಮಿನಲ್ಲಿ ಕೆಲಸಕ್ಕಿದ್ದರು. ಪಾಳಿ ಮುಗಿಸಿ ಎರಡು ದಿನಕ್ಕೊಮ್ಮೆ ಗಾಡಿ ಹಿಡಿದು ಶಹಾಬಾದಿನ ಮನೆಗೆ ಬರುತ್ತಿದ್ದರು. ನೆಲ, ಗೋಡೆ, ಮಾಳಿಗೆ, ನೀರಿನ ಕಟ್ಟೆ ಎಲ್ಲವೂ ಪರಸಿ ಕಲ್ಲಿನದೇ ಆದ ಆ ಎರಡು ಕೋಣೆಯ ಮನೆಯಲ್ಲಿ ಉಳಿದ ದಿನ ನಾನು ಮತ್ತು ಅತ್ತೆ ಇಬ್ಬರೇ. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಅತ್ತೆ ತೆಂಗಳಿಯವರು. ಮಾತು ಕಡಿಮೆ, ಕೆಲಸ ಭಾಳ. ಮಕ್ಕಳ ವಿಷಯ ಅವರು ನನ್ನೆದುರು ಒಂದು ದಿನವೂ ಎತ್ತಿದವರಲ್ಲ. ಮುಟ್ಟಾದಾಗ ಹೊರಗೆ ಕೂರುವ ರೂಢಿ ನಮ್ಮಲ್ಲಿಲ್ಲ, ಆ ಮಾತೂ ನಮ್ಮಿಬ್ಬರ ನಡುವೆ ಬರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ನನಗೆ ಶಿಕ್ಷಕಿಯ ಕೆಲಸ ಸಿಕ್ಕಿತು. ಭಂಕೂರ ದಾಟಿ ಇನ್ನೊಂದಿಷ್ಟು ನಡೆದರೆ ಸಿಗುವ ಸಣ್ಣ ಹಳ್ಳಿ. ಅಲ್ಲಿ ಹೆಣ್ಣುಮಕ್ಕಳಿಗೆಂದು ಕನ್ನಡ ಶಾಲೆ ತೆರೆದು ಒಂದು ವರ್ಷವಾಗಿತ್ತು. ಊರ ಪಾಟೀಲರು ತಮ್ಮ ಹಳೆಯ ದನದ ಕೊಟ್ಟಿಗೆಯನ್ನು ಸಾರಿಸಿ, ಸುಣ್ಣ ಬಳಿಸಿ ಬಿಟ್ಟುಕೊಟ್ಟಿದ್ದರು. ಹದಿನೇಳು ಹುಡುಗಿಯರು. ನನಗಿಂತ ಮೊದಲಿದ್ದ ಶಿಕ್ಷಕಿ ಮೂರೇ ತಿಂಗಳಿಗೆ ಬಿಟ್ಟುಹೋಗಿದ್ದರು. ಇನ್ನೊಬ್ಬಳೂ ಹೀಗೆಯೇ ನಡುವೆ ಬಿಟ್ಟರೆ ಶಾಲೆಯನ್ನು ಭಂಕೂರಿನ ಗಂಡುಹುಡುಗರ ಶಾಲೆಗೆ ಸೇರಿಸುತ್ತೇವೆ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಹುಕುಂ ಕೊಡುವಾಗಲೇ ಹೇಳಿದ್ದರು. ಹಾಗಾದರೆ ಆ ಹದಿನೇಳರಲ್ಲಿ ಒಬ್ಬಳನ್ನೂ ಮನೆಯವರು ಕಳಿಸುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

ಹಿಂದಿನವರು ಬಿಟ್ಟದ್ದು ದಾರಿಯ ಸಲುವಾಗಿ. ಗಂಟೆಯ ಮೇಲಿನ ನಡಿಗೆ, ಅದರಲ್ಲಿ ಅರ್ಧ ದಾರಿ ಕೆಲಸ ನಿಂತುಹೋದ ಖಣಿಗಳ ಪಕ್ಕಕ್ಕೆ. ಆಳದ ಗುಂಡಿಗಳು, ಹಸಿರುಗಟ್ಟಿದ ನೀರು, ಒಡೆದ ಕಲ್ಲಿನ ಗುಡ್ಡೆಗಳು. ಆ ಗುಡ್ಡೆಗಳ ಹಿಂದೆ ಕೆಲಸವಿಲ್ಲದವರು ಕುಳಿತಿರುತ್ತಿದ್ದರು. ಯಾರೋ ಒಬ್ಬ ಆ ಶಿಕ್ಷಕಿಯ ಹಿಂದೆಹಿಂದೆಯೇ ಬಂದನಂತೆ, ಮಾರನೆಯ ದಿನದಿಂದ ಅವರು ಬರಲಿಲ್ಲ.

ಅತ್ತೆ ಇದನ್ನೆಲ್ಲ ಕೇಳಿಕೊಂಡು, ಹಿಟ್ಟು ಜರಡಿ ಹಿಡಿಯುತ್ತಲೇ ಹೇಳಿದರು: “ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಖರೆ, ಕೈಯಾಗ ಕಬ್ಬಿಣ ಇಲ್ದ ಆ ಹಾದ್ಯಾಗ ಕಾಲಿಡಬ್ಯಾಡ.”

ಕಬ್ಬಿಣ ಹಿಡಿದರೆ ಸಾಕೇ, ಬಳಸಲು ಬರಬೇಡವೇ? ಅದಕ್ಕೂ ದಾರಿ ಹುಡುಕಿದವರು ಅತ್ತೆಯೇ. ನಮ್ಮ ಮಗ್ಗುಲ ಮನೆಯಲ್ಲಿ ವಯಸ್ಸಾದ ಮುಸ್ಲಿಂ ದಂಪತಿಗಳಿದ್ದರು. ಗಂಡ ಹಿಂದೆ ತಾಲೀಮು ನಡೆಸಿ, ಮೊಹರಂ ಹತ್ತಿರ ಬಂತೆಂದರೆ ಓಣಿಯ ಹುಡುಗರಿಗೆ ಕೋಲು, ಕತ್ತಿಯ ವರಸೆ ಕಲಿಸುತ್ತಿದ್ದವರು. ಎಲ್ಲರೂ ಉಸ್ತಾದರು ಎನ್ನುತ್ತಿದ್ದರು. ಅವರ ಹೆಂಡತಿಯನ್ನು ನಾನು ಖಾಲಾ ಎನ್ನುತ್ತಿದ್ದೆ. ಗದ್ದಲದ ದಿನಗಳಲ್ಲಿ ಎರಡು ಮನೆಯ ಹಿತ್ತಿಲ ನಡುವಿನ ಗೋಡೆಯಿಂದ ಒಂದು ಕಲ್ಲು ಕಿತ್ತು ಕಿಂಡಿ ಮಾಡಿದ್ದರು. ಪೊಲೀಸ್ ಆ್ಯಕ್ಷನ್‌ಗೆ ಮೊದಲು ನಾವು ಆ ಕಡೆಗೆ ಹೋಗಿ ಅಡಗಿದ್ದೆವು, ಅದಾದ ಮೇಲೆ ಅವರು ಈ ಕಡೆಗೆ ಬಂದು ಅಡಗಿದ್ದರು. ಎಲ್ಲ ತಣ್ಣಗಾದ ಮೇಲೂ ಆ ಕಲ್ಲನ್ನು ಯಾರೂ ತಿರುಗಿ ಕೂಡಿಸಲಿಲ್ಲ. ಸಾರು, ಬೆಂಕಿ, ಹರಟೆ ಎಲ್ಲವೂ ಅದರೊಳಗಿಂದಲೇ ಹೋಗಿ ಬರುತ್ತಿದ್ದವು.

ಉಸ್ತಾದರು ಕಲಿಸಲು ಒಪ್ಪಿದರು. ಆದರೆ ಪರರ ಮನೆಯ ಸೊಸೆ ಸೆರಗು ಬಿಗಿದು ಕೈ ಬೀಸುವುದನ್ನು ಕಣ್ಣಿಟ್ಟು ನೋಡುವುದು ತಮಗೆ ಸರಿಯಲ್ಲ ಎಂದರು. ಹಾಗಾಗಿ ಅವರು ತಮ್ಮ ಹಿತ್ತಿಲಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ನಮ್ಮ ಹಿತ್ತಿಲಲ್ಲಿ ಬೇವಿನ ಹಲಗೆ ಆನಿಸಿ ನಾನು ನಿಲ್ಲುತ್ತಿದ್ದೆ. ಖಾಲಾ ನಡುವೆ, ಕಿಂಡಿಯ ಬಳಿ. ಚಾಕು ಹಲಗೆಗೆ ಬಿದ್ದ ಸಪ್ಪಳದ ಮೇಲೆಯೇ ಅವರು ಎಲ್ಲ ತಿಳಿಯುತ್ತಿದ್ದರು. ಅಡ್ಡ ಬಿದ್ದರೆ ತಟ್ಟೆ ಬಡಿದ ಸಪ್ಪಳ, ಹಿಡಿಕೆ ತಾಗಿದರೆ ಮೊಂಡು ಸಪ್ಪಳ, ತುದಿ ನೆಟ್ಟರೆ ಕೊಡಲಿ ಇಟ್ಟಂತೆ ಒಂದೇ ಸಪ್ಪಳ. ಕಿಂಡಿಯಿಂದ “ಮೊಣಕೈ ಮಡಚ್ಯಾಳ” ಎಂದೋ, “ಬೆರಳು ತಡಾ ಬಿಟ್ಟಾಳ” ಎಂದೋ ಮಾತು ಬರುತ್ತಿತ್ತು. ಖಾಲಾ ಅದನ್ನೇ ನನಗೆ ಇನ್ನೊಮ್ಮೆ ಹೇಳುತ್ತಿದ್ದಳು, ನನಗೆ ಕಿವಿಯೇ ಇಲ್ಲವೇನೋ ಎಂಬಂತೆ.

ಹಿಡಿಕೆ ಹಿಡಿದು ಒಗೆದರೆ ಚಾಕು ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿ ತುದಿ ಮುಂದಾಗಿ ಬರಬೇಕು. ಅದಕ್ಕೆ ಹಲಗೆಯಿಂದ ಆರು ಹೆಜ್ಜೆ ಎಂದು ಉಸ್ತಾದರು ಲೆಕ್ಕ ಕೊಟ್ಟಿದ್ದರು. ಒಂದು ವಾರ ಆರು ಹೆಜ್ಜೆ ಅಳೆದು ಒಗೆದೆ, ಇಡೀ ವಾರವೂ ಚಾಕು ಅಡ್ಡಡ್ಡ ಬಿತ್ತು. ಕೈ ಸರಿಯಿದೆ, ಬೆರಳು ಸರಿಯಿದೆ, ಏನಾಗುತ್ತಿದೆ ಎಂದು ಆ ಕಡೆ ಅವರು ತಲೆ ಕೆರೆದುಕೊಂಡರು. ಕೊನೆಗೆ ಖಾಲಾಗೆ ಹೊಳೆಯಿತು. ಆರು ಹೆಜ್ಜೆ ಎಂದರೆ ಪೈಜಾಮ ತೊಟ್ಟ ಗಂಡಸಿನ ಆರು ಹೆಜ್ಜೆ. ಸೀರೆ ಉಟ್ಟವಳಿಗೆ ಅದು ಎಂಟಾಗುತ್ತದೆ. ಎಂಟು ಹೆಜ್ಜೆಗೆ ನಿಂತು ಒಗೆದ ಮೊದಲ ಸಲವೇ ತುದಿ ನೆಟ್ಟಿತು. ಗೋಡೆಯಾಚೆ “ಶಾಬಾಶ್” ಎಂದರು. ಖಾಲಾ ಅದು ಮಾತ್ರ ತನಗೆ ಸೇರಬೇಕಾದದ್ದು ಎಂದಳು.

ಕಲಿತದ್ದು ಒಂದು ಹದಕ್ಕೆ ಬಂದಾಗ ಉಸ್ತಾದರು ಒಂದು ಮಾತು ಹೇಳಿದರು. “ಒಗದ್‌ಮ್ಯಾಲ ಚಾಕು ನಿಂದಲ್ಲ ಬೇಟಿ. ಅದು ಯಾರ ಕಾಲಾಗ ಬೀಳ್ತದೋ ಅವರ್ದು. ಅದಕ್ಕ ಹಾದ್ಯಾಗ ಒಗೀಬ್ಯಾಡ.”

“ಹಂಗಾರ ಯಾಕ ಕಲಸ್ಲಿಕತ್ತೀರಿ?” ಎಂದು ಕಿಂಡಿಯ ಹತ್ತಿರ ಹೋಗಿ ಕೇಳಿದೆ.

“ಕೈ ನಡುಗಬಾರ್ದಂತ. ನಡುಗೋ ಕೈ ಕಂಡ್ರ ನಾಯಿ ಸುದ್ದಾ ಬೆನ್ನು ಹತ್ತತದ.”

ಜೂನಿನಲ್ಲಿ ಶಾಲೆ ಶುರುವಾಯಿತು. ಚಾಕುವಿಗೆ ಆಡಿನ ಚರ್ಮದ ಒರೆ ಹೊಲಿಸಿ, ಹೆಗಲಿಗೆ ಹಾಕುವ ಬಟ್ಟೆಯ ಚೀಲದಲ್ಲಿ ಪುಸ್ತಕದ ಮಗ್ಗುಲಿಗೆ ಇಟ್ಟುಕೊಂಡು ಹೋಗುತ್ತಿದ್ದೆ. ಮೊದಲ ದೊಡ್ಡ ಮಳೆಯಲ್ಲಿ ಚೀಲ, ಪುಸ್ತಕ, ಒರೆ ಎಲ್ಲ ತೊಯ್ದವು. ಬಿಸಿಲಿಗಿಟ್ಟ ಒರೆ ಒಣಗಿ ಮುದುಡಿ ಕಲ್ಲಾಯಿತು. ಅದರೊಳಗಿಂದ ಚಾಕು ಎಳೆಯಲು ಎರಡೂ ಕೈ, ಒಂದು ಮೊಣಕಾಲು ಬೇಕಾಗುತ್ತಿತ್ತು. ಬೆನ್ನು ಹತ್ತಿದವನು ಅಷ್ಟು ಹೊತ್ತು ನಿಂತು ಕಾಯುವನೇ? ಒರೆ ಬಿಟ್ಟು ಬರೀ ಚಾಕು ಇಟ್ಟರೆ ತುದಿ ಚೀಲವನ್ನು ಹರಿದು ಸೀರೆಗೆ ನಾಟುತ್ತಿತ್ತು. ಒಂದು ಬೆಳಿಗ್ಗೆ ಅವಸರದಲ್ಲಿ ಸುತ್ತ ನೋಡಿದೆ. ಗೋಡೆಯ ಮಾಡದಲ್ಲಿ ಒಂದು ನಿಂಬೆಹಣ್ಣಿತ್ತು, ತೆಗೆದು ತುದಿಗೆ ಸಿಕ್ಕಿಸಿದೆ. ಚೀಲ ಹರಿಯಲಿಲ್ಲ, ಬೇಕೆಂದರೆ ಹೆಬ್ಬೆರಳಿನಿಂದ ದೂಡಿದರೆ ಸಾಕು, ಹಣ್ಣು ಕಳಚಿ ಬೀಳುತ್ತದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಹುಳಿಗೆ ಕಬ್ಬಿಣ ತುಕ್ಕು ಹಿಡಿಯಬಾರದೆಂದು ಸಂಜೆ ಬಂದು ಕುಸುಬೆ ಎಣ್ಣೆ ಒರೆಸುತ್ತಿದ್ದೆ. ನಾಲ್ಕು ದಿನಕ್ಕೊಮ್ಮೆ ಹಣ್ಣು ಬದಲಿಸುತ್ತಿದ್ದೆ. ಮಾಡದಲ್ಲಿ ನಿಂಬೆಹಣ್ಣು ಎಂದೂ ಖಾಲಿಯಾಗುತ್ತಿರಲಿಲ್ಲ. ಅದು ಹೇಗೆ ಎಂದು ನಾನು ಯೋಚಿಸಲಿಲ್ಲ.

ನಾನು ಚಿತ್ತಾಪುರದಲ್ಲಿ ತಂದೆಯ ಕೈಯಲ್ಲಿ ಬೆಳೆದವಳು. ತಾಯಿ ನನಗೆ ತಿಳಿವಳಿಕೆ ಬರುವ ಮೊದಲೇ ತೀರಿಕೊಂಡಿದ್ದಳು, ಅಕ್ಕತಂಗಿಯರಿಲ್ಲ, ಮನೆಯಲ್ಲಿ ಒಂದು ಬಾಣಂತನವನ್ನೂ ಕಂಡವಳಲ್ಲ. ಮದುಮಗ ಕೈಯಲ್ಲಿ ಕಠಾರಿ ಹಿಡಿದು ಅದರ ತುದಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡಿರುವುದನ್ನು ನೋಡಿದ್ದೆ, ಅಷ್ಟೇ. ಆ ಹಳ್ಳಿಗಳ ಕಡೆ ಹೊಸದಾಗಿ ಬಸುರಾದವಳು ಊರ ಸೀಮೆ ದಾಟುವಾಗಲೂ ಗಾಳಿ ಸೋಂಕಬಾರದೆಂದು ಹಾಗೆಯೇ ಹಿಡಿದು ಹೋಗುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ. ಚೀಲದ ಬಾಯಿಂದ ಹಿಡಿಕೆ ಒಂದು ಕಡೆ, ಹಳದಿ ಹಣ್ಣು ಒಂದು ಕಡೆ ಇಣುಕುತ್ತಿದ್ದದ್ದನ್ನು ನೋಡಿದವರಿಗೆಲ್ಲ ಗೊತ್ತಿತ್ತು.

ಖಣಿಯ ಗುಡ್ಡೆಯ ಮೇಲೆ ದಿನಾ ಒಬ್ಬ ಕುಳಿತಿರುತ್ತಿದ್ದ. ಒಂದು ದಿನ ಅವನು ಎದ್ದು ದಾರಿಗಿಳಿದು ನನ್ನತ್ತ ನಡೆದು ಬಂದ. ನಾನು ಚೀಲಕ್ಕೆ ಕೈ ಹಾಕಿ ಹಿಡಿಕೆ ಹಿಡಿದು ಅರ್ಧ ಎಳೆದೆ. ಕೈ ನಡುಗಲಿಲ್ಲ. ಅವನ ಕಣ್ಣು ನನ್ನ ಕೈಯ ಮೇಲೆ ಬಿತ್ತು. ಕೂಡಲೇ ದಾರಿ ಬಿಟ್ಟು ಪಕ್ಕದ ಕಲ್ಲುಗಳ ಮೇಲಕ್ಕೆ ಸರಿದು, “ಸಾವಕಾಶ ಹೋಗವ್ವ, ಕಲ್ಲು ಜಾರ್ತಾವ” ಎಂದ. ಆಮೇಲೆ ನಾನು ಹೋಗುವ ಹೊತ್ತಿಗೆ ಅವನು ಬೆನ್ನು ತಿರುಗಿಸಿ ಕೂರತೊಡಗಿದ. ಮನೆಗೆ ಬಂದು ಕಿಂಡಿಯ ಮುಂದೆ ನಿಂತು, ಬರೀ ಹಿಡಿಕೆ ತೋರಿಸಿದ್ದಕ್ಕೇ ಅವನು ಹೇಗೆ ಹೆದರಿ ಸರಿದ ಎಂದು ಉಸ್ತಾದರಿಗೆ ವಿಸ್ತಾರವಾಗಿ ಹೇಳಿದೆ. ಅವರು ಭಾಳ ಖುಷಿಪಟ್ಟರು.

ಹಳ್ಳಿಯ ಹೆಂಗಸರು ದಿನದಿಂದ ದಿನಕ್ಕೆ ನನ್ನ ಮೇಲೆ ಪ್ರೀತಿ ಮಾಡತೊಡಗಿದರು. ಹುಡುಗಿಯರು ಮನೆಯಿಂದ ಹುಣಸೆಕಾಯಿ ತರುವರು, ಹುಳಿಮಾವಿನ ಉಪ್ಪಿನಕಾಯಿ ತರುವರು. ಬೆಲ್ಲ ಹಾಕಿದ ರೊಟ್ಟಿ, ತುಪ್ಪ ಬರುವುದು. ಶಾಲೆಯ ಕೊಡಕ್ಕೆ ನೀರು ನಾನು ತರಹೋದರೆ ಯಾರಾದರೂ ಓಡಿಬಂದು ಕಸಿದುಕೊಳ್ಳುವರು. ವಿದ್ಯೆಗೆ ಇಷ್ಟು ಗೌರವ ಕೊಡುವ ಊರು ಇನ್ನೊಂದಿರಲಾರದು ಎಂದು ನಾನು ಯಜಮಾನರಿಗೆ ಹೇಳಿದ್ದೆ.

ಶ್ರಾವಣದ ಒಂದು ಶುಕ್ರವಾರ ಶಾಲೆ ಬಿಟ್ಟ ಮೇಲೆ ಊರಿಗೆಲ್ಲ ಹಿರಿಯಳಾದ ಆಯಿ ನನ್ನನ್ನು ಮನೆಗೆ ಕರೆದಳು. ಅವಳ ಮೂವರು ಮೊಮ್ಮಕ್ಕಳು ನನ್ನಲ್ಲಿ ಕಲಿಯುತ್ತಿದ್ದರು. ಒಳಗೆ ಏಳೆಂಟು ಮಂದಿ ಹೆಂಗಸರು. ಬಾಗಿಲು ಮುಂದೆ ಮಾಡಿ, ಮಣೆಯ ಮೇಲೆ ಕೂರಿಸಿ, ಎರಡೂ ಕೈಗೆ ಹಸಿರು ಬಳೆ ಇಡಿಸಿ, ಖಣ, ಕೊಬ್ಬರಿ, ಉತ್ತತ್ತಿ ಇಟ್ಟು ಉಡಿ ತುಂಬಿದರು. ಶ್ರಾವಣದಲ್ಲಿ ಮುತ್ತೈದೆಗೆ ಉಡಿ ತುಂಬುವುದು ಎಲ್ಲೆಡೆಯೂ ಇದ್ದದ್ದೇ. ನಾನು ಕಾಲಿಗೆ ಬಿದ್ದು, ಸಂತೋಷದಿಂದ ಹೊತ್ತುಕೊಂಡು ಬಂದೆ. ಅವರು ಮಾಡಿದ್ದು ಕಳ್ಳ ಕುಬಸ. ಬಸುರಾದ ಮೂರನೆಯ ತಿಂಗಳಿಗೆ, ಊರಿಗೆಲ್ಲ ಸುದ್ದಿಯಾಗುವ ಮೊದಲು, ನಾಲ್ಕು ಮಂದಿ ಹೆಂಗಸರು ಸೇರಿ ಬಾಯಿ ಬಿಡದೆ ಮಾಡುವ ಶಾಸ್ತ್ರ. ಹೆಸರೆತ್ತಿದರೆ ದೃಷ್ಟಿ ತಾಗುತ್ತದೆಂದು ಯಾರೂ ಹೆಸರೆತ್ತುವುದಿಲ್ಲ. ಹಾಗಾಗಿ ನನಗೆ ತಿಳಿಯುವ ದಾರಿಯೇ ಇರಲಿಲ್ಲ.

ತಿಳಿದದ್ದು ಪಾಟೀಲರಿಂದ. ಗಣಪತಿ ಹಬ್ಬ ಕಳೆದ ಮೇಲೆ ಒಂದು ದಿನ ಶಾಲೆಯ ಬಾಗಿಲಿಗೆ ಬಂದು, ನನ್ನ ಕಡೆ ನೋಡದೆ ಸುಣ್ಣದ ಗೋಡೆಯನ್ನೇ ನೋಡುತ್ತ ಹೇಳಿದರು: “ಇಂಥಾದ್ರಾಗ ನೀವು ಇಷ್ಟು ದೂರ ನಡೀಬಾರ್ದ್ರಿ ಅಕ್ಕೋರ. ಬ್ಯಾರೇದವರನ್ನ ಕಳಸ್ರಿ ಅಂತ ಸಾಹೇಬ್ರಿಗೆ ಕಾಗದ ಹಾಕೀನಿ. ಬರೋ ಗುರುವಾರ ಬರ್ತಾರ.”

“ಎಂಥಾದ್ರಾಗ್ರಿ?” ಎಂದೆ.

ಅವರು ಮುಖ ಕೆಂಪಗೆ ಮಾಡಿಕೊಂಡು ಹೋಗೇಬಿಟ್ಟರು. ಹಿಂದೆಯೇ ಆಯಿ ಬಂದು ಪಕ್ಕದಲ್ಲಿ ಕುಳಿತು, ಬೇಜಾರು ಮಾಡಿಕೊಳ್ಳಬೇಡ, ಒಳ್ಳೆಯದಕ್ಕೇ ಹೇಳಿದ್ದಾರೆ ಎಂದಳು. ನನಗಿನ್ನೂ ತಿಳಿಯದ್ದನ್ನು ನೋಡಿ ನನ್ನ ಚೀಲದ ಕಡೆ ಕೈ ತೋರಿಸಿದಳು. ಹಣ್ಣಿನ ಅರ್ಥವನ್ನು ಅವಳು ಬಿಡಿಸಿ ಹೇಳುತ್ತಿದ್ದಂತೆ ಹುಣಸೆಕಾಯಿ, ತುಪ್ಪ, ಹಸಿರು ಬಳೆ, ಖಣಿಯ ಆ ಮನುಷ್ಯ ಎಲ್ಲವೂ ಒಂದರ ಹಿಂದೊಂದು ನನ್ನ ಕಣ್ಣ ಮುಂದೆ ಬಂದು ನಿಂತವು. ಹಾಗಲ್ಲ ಎಂದು ಅವಳಿಗೆ ಹೇಳದೆಯೇ ಚೀಲ ಹೆಗಲಿಗೆ ಹಾಕಿ ಎದ್ದೆ. ಮನೆಗೆ ನಡೆದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ. ಈ ಕಡೆ ಬರುವ ಶಿಕ್ಷಕಿ ಇನ್ನೊಬ್ಬರಿಲ್ಲ. ನನ್ನನ್ನು ತೆಗೆದರೆ ಶಾಲೆ ಭಂಕೂರಿಗೆ, ಹುಡುಗಿಯರು ಒಲೆಯ ಮುಂದಕ್ಕೆ.

ಅತ್ತೆಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವರ ಕೈ ನಿಂತಿತು. ಅವರು ಮಾಡದ ಕಡೆ ನೋಡಿದರು. ಅಲ್ಲಿ ನಾಲ್ಕು ಹೊಸ ನಿಂಬೆಹಣ್ಣು ಇದ್ದವು. ತಂದಿಡುತ್ತಿದ್ದವರು ಯಾರು, ಯಾಕೆ ಎಂದು ನನಗೆ ಆಗ ತಿಳಿಯಿತು.

“ನಾ ಕೇಳ್ಲಿಲ್ಲ,” ಎಂದರು. “ನೀನಾಗೇ ಹೇಳ್ತಿ ಅಂತ ಸುಮ್ನಿದ್ದೆ.”

ನನ್ನ ಕಣ್ಣು ತುಂಬಿದವು. ಅವರು ಹೆಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿದರು, ಬೇಯಿಸಿ ತೆಗೆದರು, ಇನ್ನೊಂದು ಬಡಿದರು. ಆಮೇಲೆ ಹೇಳಿದರು: “ಆ ಊರವ್ರಿಗೆ, ಸಾಹೇಬ್ರಿಗೆ ನೀನೇ ಹೇಳು. ಬ್ಯಾರೇ ಯಾರ ಬಾಯಿಂದಾನೂ ಗೊತ್ತಾಗಬಾರ್ದು.”

“ಹೇಳಿದ್ರೂ ಸಾಲಿ ಹೋದ್ರ?”

“ಹೋಗಬಾರ್ದಂತೇ ಹೇಳ್ಲಿಕತ್ತೀನಿ. ಉಣ್ಣು, ಆರ್ತದ.”

ಗುರುವಾರ ಇನ್ಸ್‌ಪೆಕ್ಟರ್ ಸಾಹೇಬರು ಶಾಲೆಯ ಅಂಗಳದಲ್ಲಿ ಕುರ್ಚಿ, ಮೇಜು ಹಾಕಿಸಿಕೊಂಡು ಕುಳಿತರು. ಉರ್ದುವಿನಲ್ಲೇ ಓದಿ ಬರೆದು ಬೆಳೆದವರು, ಮಾತಾಡುವ ಕನ್ನಡ ಮಾತ್ರ ನೀರು ಕುಡಿದಂತೆ. ಪಾಟೀಲರು ಪಕ್ಕದಲ್ಲಿ, ಹೆಂಗಸರು ಬಾಗಿಲ ಮರೆಗೆ, ಹುಡುಗಿಯರು ಸಾಲಾಗಿ. ನಾನು ಎದ್ದು ನಿಂತು, ನಾನು ಬಸುರಿ ಅಲ್ಲ, ಚಾಕು ದಾರಿಯ ಸಲುವಾಗಿ, ನಿಂಬೆಹಣ್ಣು ಚೀಲ ಹರಿಯಬಾರದೆಂದು, ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಬಾಗಿಲ ಮರೆಯಿಂದ ಆಯಿಯ ದನಿ ಬಂತು: “ಚೀಲದ ಸಲುವಾಗಿ ನಾವು ಕುಬಸ ಮಾಡೀವೇನ?” ಹೆಂಗಸರಲ್ಲಿ ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಕಡೆಗೆ ನಾನೂ.

ಪಾಟೀಲರು ನಗಲಿಲ್ಲ. ಬಸುರಿ ಅಲ್ಲದಿದ್ದರೆ ಇನ್ನೂ ಕೆಟ್ಟದ್ದು, ಚಾಕು ಹಿಡಿದು ಬರಬೇಕಾದಂಥ ದಾರಿಯಲ್ಲಿ ಏನಾದರೂ ಆದರೆ ಹೆಸರು ಕೆಡುವುದು ಊರಿನದು ಎಂದರು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಸಾಹೇಬರು ನನ್ನನ್ನೇ ನೋಡಿ, “ಚಾಕು ಹಿಡ್ಯೋದು ಬರ್ತದೋ, ಇಲ್ಲಾ ನಿಮ್ಮ ಕೈನೇ ಕೊಯ್ಕೋತೀರೋ?” ಎಂದು ಕೇಳಿದರು.

ಅಂಗಳದ ಮೂಲೆಯಲ್ಲಿ ಮುರಿದ ಬಂಡಿಯ ಹಲಗೆಯೊಂದು ಗೋಡೆಗೆ ಆನಿಸಿತ್ತು. ಹುಡುಗಿಯರನ್ನು ನನ್ನ ಬೆನ್ನ ಹಿಂದಕ್ಕೆ ಕಳಿಸಿ, ಎಂಟು ಹೆಜ್ಜೆ ಅಳೆದೆ. ಹಣ್ಣು ಕಳಚಿದೆ. ಒಗೆದೆ. ಚಾಕು ಹಲಗೆಗೆ ಅಡ್ಡ ಬಡಿದು ನೆಲಕ್ಕೆ ಬಿತ್ತು. ಅಷ್ಟು ಮಂದಿಯ ಎದುರು ಹೋಗಿ ಅದನ್ನು ಹೆಕ್ಕಿಕೊಂಡು ಬರುವ ಹದಿನಾರು ಹೆಜ್ಜೆ ಮುಗಿಯುವಂತೆಯೇ ಇರಲಿಲ್ಲ. ಪಾಟೀಲರು ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು. ಆಗ ನನಗೆ ತಿಳಿಯಿತು, ನಾನು ಒಗೆಯುವುದನ್ನು ಕುಳಿತು ನೋಡಿದ ಗಂಡಸು ಈವರೆಗೆ ಒಬ್ಬನೂ ಇಲ್ಲ. ಕಲಿಸಿದವರೂ ನೋಡಿಲ್ಲ.

“ತಪ್ಪು ತಿಳೀಬ್ಯಾಡ್ರಿ,” ಎಂದೆ. “ಎಲ್ಲಾರೂ ಒಂದೀಟು ಆ ಕಡೆ ಮಕಾ ತಿರುವ್ರಿ.”

ಸಾಹೇಬರು ಎದ್ದು ಕುರ್ಚಿಯನ್ನೇ ತಿರುಗಿಸಿ ಹಾಕಿಕೊಂಡು ಕುಳಿತರು. ಅವರು ತಿರುಗಿದ ಮೇಲೆ ಪಾಟೀಲರೂ ತಿರುಗಲೇಬೇಕಾಯಿತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಗೋಡೆಗೆ ಮುಖ ಮಾಡಿದರು. ಹುಡುಗಿಯರು ಕಣ್ಣು ಮುಚ್ಚಿದರು, ಮುಚ್ಚಿದ ಬೆರಳ ಸಂದಿಯಿಂದ ನೋಡಿದರು ಎಂದು ಆಮೇಲೆ ಗೊತ್ತಾಯಿತು. ನಮ್ಮ ಹಿತ್ತಿಲಲ್ಲಿ ನಿಂತಂತೆಯೇ ನಿಂತು, ಮೊಣಕೈ ಮಡಚದೆ, ಬೆರಳು ಬಿಟ್ಟೆ.

ಸಪ್ಪಳ ಕೇಳಿ ಎಲ್ಲರೂ ತಿರುಗಿದರು. ಚಾಕು ಹಲಗೆಯಲ್ಲಿ ನಿಂತಿತ್ತು. ಪಾಟೀಲರು ಹತ್ತಿರ ಹೋಗಿ ಹಿಡಿಕೆ ಹಿಡಿದು ಎಳೆದು ನೋಡಿದರು, ಮೊದಲ ಎಳೆತಕ್ಕೆ ಬರಲಿಲ್ಲ. ಅವರು ಎರಡನೆಯ ಸಲ ಎಳೆಯುವಷ್ಟರಲ್ಲಿ ಆಯಿ ಬಾಗಿಲಿನಿಂದ ಹೊರಗೆ ಬಂದು, ಭಂಕೂರಿನ ಖಣಿ ಕೆಲಸಕ್ಕೆ ಊರಿನಿಂದ ದಿನಾ ಆರು ಮಂದಿ ಹೆಂಗಸರು ಹೋಗುತ್ತಾರೆ, ಹಾಳು ಖಣಿಯ ದಾರಿಯಲ್ಲಿ ಅಕ್ಕೋರನ್ನು ಅವರೇ ಎದುರುಗೊಂಡು ದಾಟಿಸುತ್ತಾರೆ, ಸಂಜೆಯೂ ಹಾಗೆಯೇ, ಇದಕ್ಕೆ ಪಾಟೀಲರದೇನು ತಕರಾರು ಎಂದು ಕೇಳಿದಳು. ಅವರು ತಕರಾರಿಲ್ಲ ಎಂದರು. ಆ ಊರಿನಲ್ಲಿ ಆಯಿಗೆ ತಕರಾರು ಎಂದವರನ್ನು ನಾನು ಕಂಡಿಲ್ಲ.

ಸಾಹೇಬರು ತಪಾಸಣೆಯ ಪುಸ್ತಕ ತೆರೆದರು. ಅದನ್ನು ಕನ್ನಡದಲ್ಲೇ ಬರೆಯಬೇಕೆಂದು ಹೊಸದಾಗಿ ಹುಕುಂ ಬಂದಿತ್ತು. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತರು. ಎರಡು ಅಕ್ಷರ ಬರೆದು ನಿಲ್ಲಿಸಿದರು. ಆಮೇಲೆ ಪುಸ್ತಕವನ್ನು ನನ್ನ ಕಡೆ ಸರಿಸಿ, “ನೀವೇ ಬರೀರಿ ಬಾಯೇರ, ನಂದು ಒತ್ತಕ್ಷರ ಇನ್ನಾ ಕೂಡಂಗಿಲ್ಲ,” ಎಂದರು. ಏನು ಬರೆಯಲಿ ಎಂದು ಕೇಳಿದೆ. ಇದ್ದದ್ದು ಬರೆಯಿರಿ ಎಂದರು. “ಶಿಕ್ಷಕಿಯನ್ನು ಬದಲಿಸುವ ಅಗತ್ಯವಿಲ್ಲ. ಶಾಲೆ ಇಲ್ಲಿಯೇ ನಡೆಯತಕ್ಕದ್ದು” ಎಂದು ಬರೆದೆ. ಹಸಿರು ಬಳೆ ಮೇಜಿಗೆ ತಾಗದಂತೆ ಕೈ ಎತ್ತಿ ಹಿಡಿದು, ಭಾಳ ದುಂಡಗೆ ಬರೆದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಓದಿದರು, ತಲೆಯಾಡಿಸಿದರು, ಕೆಳಗೆ ಬಲದಿಂದ ಎಡಕ್ಕೆ ಉರ್ದುವಿನಲ್ಲಿ ರುಜು ಹಾಕಿದರು. ಮಸಿ ಒಣಗಲಿ ಎಂದು ಹುಡುಗಿಯರು ಮೂರೂ ಕಡೆಯಿಂದ ಬಗ್ಗಿ ಊದಿದರು.